ಕುರಿಮರಿ ಕಾಣೆಯಾದ ನಿಸರ್ಗಚಿತ್ರ: ಒಂದು ಹರಾಜಿನ ಪ್ರಕರಣ ಅಧ್ಯಯನ

ಮುಹೂರ್ತಕ್ಕೆ ಗಳಿಗೆಯಷ್ಟೇ ಉಳಿದಿರುವಾಗ ಮದುವೆ ನಿಂತರೆ ಮಂಟಪದಲ್ಲಿ ಏನಾಗುತ್ತದೆಯೋ ನಾವೆಲ್ಲ ಬಲ್ಲೆವು. ಊಟದ ಎಲೆ ಹಾಕಿರುತ್ತದೆ, ವಾಲಗದವರು ಕಾದಿರುತ್ತಾರೆ, ಕಾರಣವನ್ನು ಮಾತ್ರ ಯಾರೂ ಜೋರಾಗಿ ಹೇಳುವುದಿಲ್ಲ. 2004ರ ಮೇ ತಿಂಗಳಲ್ಲಿ ಲಂಡನ್ನಿನ ದೊಡ್ಡ ಹರಾಜು ಮನೆಯೊಂದರಲ್ಲಿ ನಡೆದದ್ದು ಇದೇ ಜಾತಿಯ ಘಟನೆ. ರಷ್ಯನ್ ಕಲಾಕೃತಿಗಳ ಮಾರಾಟ ಶುರುವಾಗಲು ಇನ್ನೇನು ಒಂದು ಗಂಟೆ ಇದೆ ಎನ್ನುವಾಗ, ಇವಾನ್ ಶಿಶ್ಕಿನ್ ರಚಿಸಿದ್ದೆಂದು ಕ್ಯಾಟಲಾಗಿನಲ್ಲಿ ಅಚ್ಚಾಗಿದ್ದ ನಿಸರ್ಗಚಿತ್ರವೊಂದನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಅದಕ್ಕೆ ಹಾಕಿದ್ದ ಅಂದಾಜು ಬೆಲೆ 5.5 ಲಕ್ಷದಿಂದ 7 ಲಕ್ಷ ಪೌಂಡ್. ತೊರೆ, ದಡ, ಮರಗಳು. ನೋಡಿದರೆ ಕಣ್ಣಿಗೆ ತಂಪು. ತೆಗೆದ ಕಾರಣ, ಅದು ಶಿಶ್ಕಿನ್ ಚಿತ್ರವೇ ಅಲ್ಲ.

ಹಳೆಯ ತೈಲಚಿತ್ರಗಳ ದುರಸ್ತಿಯ ಕೆಲಸ ಕಲಿಯಲು ಬರುವವರಿಗೆ ನಾನು ಮೊದಲು ಹೇಳುವ ಪ್ರಕರಣ ಇದು. ಹರಾಜು ಮನೆ ಯಾವುದು, ಮಾರಲು ತಂದವರು ಯಾರು, ಪ್ರಮಾಣಪತ್ರಕ್ಕೆ ರುಜು ಹಾಕಿದವರು ಯಾರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಬಲ್ಲವರು ಊಹಿಸಿಯಾರು, ಊಹಿಸುವುದರಿಂದ ಕಲಿಯುವುದೇನೂ ಇಲ್ಲ. ಇಬ್ಬರು ಕಲಾವಿದರ ಹೆಸರನ್ನು ಮಾತ್ರ ಬಿಡುವಂತಿಲ್ಲ, ಏಕೆಂದರೆ ಇಡೀ ಪ್ರಕರಣ ಆ ಎರಡು ಹೆಸರುಗಳ ನಡುವಿನ ಬೆಲೆಯ ಅಂತರದ್ದು.

ಹಿನ್ನೆಲೆ

ಶಿಶ್ಕಿನ್ (1832–1898) ಕಾಮಾ ನದಿಯ ದಡದ ಯೆಲಾಬುಗಾ ಎಂಬ ಊರಿನ ವರ್ತಕನ ಮಗ. ರಷ್ಯನ್ನರಿಗೆ ಆತ ಬರೀ ಚಿತ್ರಕಾರನಲ್ಲ, ಕಾಡಿನ ಇನ್ನೊಂದು ಹೆಸರು. ಆತ ಬರೆದ ಮರ ಪೈನೋ ಫರ್ರೋ ಓಕೋ ಎಂದು ಸಸ್ಯಶಾಸ್ತ್ರ ಓದಿದವರು ಬೆರಳಿಟ್ಟು ತೋರಿಸಬಹುದು. 1889ರ ‘ಪೈನ್ ಕಾಡಿನಲ್ಲಿ ಬೆಳಗು’ ಎಂಬ ಚಿತ್ರದ ಕರಡಿಮರಿಗಳು ಮಿಠಾಯಿಯ ಹೊದಿಕೆಯ ಮೇಲೂ ಬಂದು ಕೂತವು. ರವಿವರ್ಮನ ಲಕ್ಷ್ಮಿ, ಸರಸ್ವತಿಯರು ನಮ್ಮ ಕ್ಯಾಲೆಂಡರುಗಳಿಗೆ ಬಂದಂತೆಯೇ ಇದು. ಕಲೆಯ ಗಂಧಗಾಳಿ ಇಲ್ಲದವನಿಗೂ ಗೊತ್ತಿರುವ ಹೆಸರು ಹರಾಜಿನ ಕಣದಲ್ಲಿ ಬಂಗಾರ.

ಇನ್ನು ಕಾಲ. ತೈಲದ ಹಣ ಕೈಗೆ ಬಂದ ರಷ್ಯಾದ ಹೊಸ ಶ್ರೀಮಂತರು ತಮ್ಮ ನಾಡಿನಿಂದ ಹೊರಗೆ ಹೋಗಿದ್ದನ್ನೆಲ್ಲ ವಾಪಸ್ಸು ಕೊಂಡು ತರುತ್ತಿದ್ದ ವರ್ಷಗಳವು. ಅದೇ 2004ರ ಫೆಬ್ರವರಿಯಲ್ಲಿ ಅಮೆರಿಕದ ಸಂಗ್ರಹವೊಂದರಲ್ಲಿದ್ದ ರಷ್ಯಾದ ರಾಜವಂಶಕ್ಕಾಗಿ ಮಾಡಿದ ಒಂಬತ್ತು ಫಾಬೆರ್ಜೆ ಮೊಟ್ಟೆಗಳನ್ನು, ಅಂದರೆ ರತ್ನಖಚಿತ ಅಲಂಕಾರದ ಮೊಟ್ಟೆಗಳನ್ನು, ರಷ್ಯನ್ ಉದ್ಯಮಿಯೊಬ್ಬರು ಹರಾಜಿಗೆ ಬರುವ ಮೊದಲೇ ಒಟ್ಟಾಗಿ ಕೊಂಡುಬಿಟ್ಟಿದ್ದರು. ಬೇಡಿಕೆ ಹೀಗೆ ಉಕ್ಕುತ್ತಿದ್ದರೆ ಸರಕು ಇರಲಿಲ್ಲ. 1917ರ ಕ್ರಾಂತಿಯ ನಂತರ ಒಳ್ಳೆಯ ಚಿತ್ರಗಳ ಬಹುಪಾಲು ಸರ್ಕಾರಿ ಸಂಗ್ರಹಾಲಯಗಳ ಪಾಲಾಗಿದ್ದವು. ಅವು ಮಾರಾಟಕ್ಕೆ ಬರುವಂಥವಲ್ಲ. ಉಳಿದದ್ದು ದೇಶ ಬಿಟ್ಟು ಹೋದವರ ಮನೆಗಳಲ್ಲಿದ್ದ ಬೆರಳೆಣಿಕೆಯ ಕೃತಿಗಳು.

ಇದೇ ಹೊತ್ತಿಗೆ ಹಾಲೆಂಡ್, ಜರ್ಮನಿ, ಡೆನ್ಮಾರ್ಕ್, ಸ್ವೀಡನ್ನಿನ ಹರಾಜುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಿಸರ್ಗಚಿತ್ರಗಳು ರಾಶಿ ಬಿದ್ದಿದ್ದವು. ಒಳ್ಳೆಯ ಕೈಚಳಕದ, ಮನೆಯ ಗೋಡೆಗೆ ಒಪ್ಪುವ ಚಿತ್ರಗಳು. ಬೆಲೆ ಮಾತ್ರ ಸಾಧಾರಣ.

ಈ ಎರಡು ಮಾರುಕಟ್ಟೆಗಳಿಗೂ ಒಂದು ಹಳೆಯ ಸಂಬಂಧವಿತ್ತು. ಸೇಂಟ್ ಪೀಟರ್ಸ್‌ಬರ್ಗಿನ ಕಲಾ ಅಕಾಡೆಮಿ ಚಿನ್ನದ ಪದಕ ಗೆದ್ದ ತನ್ನ ವಿದ್ಯಾರ್ಥಿಗಳನ್ನು ಪಶ್ಚಿಮ ಯುರೋಪಿಗೆ ಕಳುಹಿಸುತ್ತಿತ್ತು. ಶಿಶ್ಕಿನ್ 1862ರಿಂದ 1865ರವರೆಗೆ ಮ್ಯೂನಿಕ್, ಜೂರಿಕ್, ಡ್ಯುಸೆಲ್ಡಾರ್ಫ್ ಎಂದು ಅಲೆದದ್ದು ಹಾಗೆಯೇ. ಡ್ಯುಸೆಲ್ಡಾರ್ಫಿನ ಪರಿಸರದ ದೃಶ್ಯವನ್ನು ಬರೆದದ್ದಕ್ಕೆ 1865ರಲ್ಲಿ ಅಕಾಡೆಮಿಶಿಯನ್ ಎಂಬ ಬಿರುದೂ ಸಿಕ್ಕಿತು. ಅಂದರೆ ಆತನ ಬದುಕಿನಲ್ಲಿ ಇಂಥ ಮೂರು ವರ್ಷ ಇವೆ. ಆಗ ಆತನ ಚಿತ್ರ ಜರ್ಮನ್ ಚಿತ್ರದಂತೆ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ, ಬದಲಿಗೆ ‘ಹೌದು, ಆಗಿನ್ನೂ ಕಲಿಯುತ್ತಿದ್ದ’ ಎಂದು ತಾವೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಾರೆ. ವಂಚಕನಿಗೆ ಬೇಕಾದದ್ದು ಇಂಥದೇ ಸಂದು. ಸುಳ್ಳು ಹೇಳುವ ಶ್ರಮವನ್ನು ಕೇಳುವವನೇ ವಹಿಸಿಕೊಳ್ಳುತ್ತಾನೆ.

ಕೈಗೆ ಬಂದದ್ದು

ಹರಾಜು ಮನೆಯ ಮುಂದೆ ಇದ್ದದ್ದು ಏನು ಎಂದು ಒಮ್ಮೆ ಅವರ ಜಾಗದಲ್ಲಿ ನಿಂತು ನೋಡೋಣ. ಕ್ಯಾನ್ವಾಸ್ ಹಳೆಯದು. ಬಣ್ಣದ ಪದರ ಹಳೆಯದು. ಬಿರುಕುಗಳು ನೂರೈವತ್ತು ವರ್ಷದ ತೈಲಚಿತ್ರದಲ್ಲಿ ಇರಬೇಕಾದಂತೆಯೇ ಇವೆ. ಕೈಕೆಲಸ ಪಳಗಿದ್ದು. ಸಹಿ ಇದೆ. ಎಲ್ಲಕ್ಕಿಂತ ಮಿಗಿಲಾಗಿ ಮಾಸ್ಕೋದ ಹೆಸರಾಂತ ಕಲಾಸಂಗ್ರಹಾಲಯದ ಪ್ರಮಾಣಪತ್ರವಿದೆ. ರಷ್ಯನ್ ಕಲೆಯ ಮಟ್ಟಿಗೆ ಅದಕ್ಕಿಂತ ದೊಡ್ಡ ಪೀಠವಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು.

ಇಷ್ಟಿದ್ದ ಮೇಲೆ ಬೇಡ ಎನ್ನುವುದು ಹೇಗೆ? ಬೇಡವೆಂದರೆ ಬೀದಿಯಾಚೆಯ ಇನ್ನೊಂದು ಮನೆ ಅದನ್ನು ಎತ್ತಿಕೊಳ್ಳುತ್ತದೆ. ಇದು ಪ್ರಕರಣದ ಮೊದಲ ತಿರುವು. ತಪ್ಪು ಮಾಡಿದವರು ಮೂರ್ಖರಾಗಿರಲಿಲ್ಲ. ಕೇಳಿದ ಪ್ರಶ್ನೆಗಳಿಗೆಲ್ಲ ಅವರಿಗೆ ಸರಿಯಾದ ಉತ್ತರವೇ ಸಿಕ್ಕಿತ್ತು. ಚಿತ್ರ ಹಳೆಯದೇ? ಹೌದು. ಕಾಲ ಹೊಂದುತ್ತದೆಯೇ? ಹೌದು. ತಜ್ಞರು ಒಪ್ಪಿದ್ದಾರೆಯೇ? ಒಪ್ಪಿದ್ದಾರೆ. ಹೋದ ವರ್ಷ ಈ ಚಿತ್ರ ಎಲ್ಲಿತ್ತು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಹಿಡಿದು ಕೇಳಲಿಲ್ಲ.

ಹೋದ ವರ್ಷ ಅದು ಸ್ಟಾಕ್‌ಹೋಮಿನಲ್ಲಿತ್ತು. ಅಲ್ಲಿನ ಹರಾಜು ಮನೆಯೊಂದು 2003ರಲ್ಲಿ ಅದನ್ನು ಬಹಿರಂಗವಾಗಿ, ಫೋಟೋ ಸಮೇತ ಕ್ಯಾಟಲಾಗ್ ಅಚ್ಚು ಹಾಕಿಸಿ, ಡಚ್ ಕಲಾವಿದ ಮಾರಿನಸ್ ಆಡ್ರಿಯಾನಸ್ ಕೂಕ್‌ಕೂಕ್ (1807–1868) ಎಂಬಾತನ ಕೃತಿಯೆಂದು ಮಾರಿತ್ತು. ಸಿಕ್ಕಿದ ಬೆಲೆ 60 ಸಾವಿರ ಡಾಲರ್ ಆಸುಪಾಸು. ಲಂಡನ್ನಿನ ಅಂದಾಜು ಅದರ ಹದಿನೈದು ಪಟ್ಟಿನ ಹತ್ತಿರ ಬರುತ್ತದೆ.

ಕೂಕ್‌ಕೂಕ್ ಮನೆತನ ಹಾಲೆಂಡಿನಲ್ಲಿ ಚಿತ್ರಕಾರರ ದೊಡ್ಡ ಮನೆತನ. ತಂದೆ ಸಮುದ್ರಚಿತ್ರಗಳಿಗೆ ಹೆಸರಾದವನು. ಅಣ್ಣ ಬಾರೆಂಡ್ ಕಾರ್ನೆಲಿಸ್ ನಿಸರ್ಗಚಿತ್ರಗಳಿಗೆ. ಆ ಹೆಸರಿಗೆ ಡಚ್ ಭಾಷೆಯಲ್ಲಿ ಕೋಗಿಲೆಯ ಜಾತಿಯ ಹಕ್ಕಿ ಎಂದೇ ಅರ್ಥ ಬರುತ್ತದೆ. ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುವ ಹಕ್ಕಿಯ ಹೆಸರಿನವನ ಚಿತ್ರವೇ ಬೇರೆಯವನ ಗೂಡಿಗೆ ಸೇರಿಕೊಂಡದ್ದು ನೋಡಿ. ಕಥೆಯಲ್ಲಿ ಬರೆದಿದ್ದರೆ ‘ಇದು ಅತಿಯಾಯಿತು’ ಎಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ಏನು ಮಾಡಿದ್ದರು

ಸ್ಟಾಕ್‌ಹೋಮಿನ ಫೋಟೋವನ್ನೂ ಲಂಡನ್ನಿನ ಫೋಟೋವನ್ನೂ ಅಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಮೊದಲ ಚಿತ್ರದಲ್ಲಿದ್ದ ಮನುಷ್ಯಾಕೃತಿಗಳು ಎರಡನೆಯದರಲ್ಲಿ ಇಲ್ಲ. ಒಂದು ಕುರಿಮರಿ ಇತ್ತು, ಅದೂ ಇಲ್ಲ. ದೃಶ್ಯದ ಒಂದಿಷ್ಟು ಭಾಗ ಬದಲಾಗಿದೆ. ಡಚ್ ಸಹಿ ಹೋಗಿದೆ, ರಷ್ಯನ್ ಸಹಿ ಬಂದಿದೆ. ತೊರೆ, ಮರ, ಆಕಾಶ, ಬೆಳಕು ಎಲ್ಲವೂ ಕೂಕ್‌ಕೂಕ್ ಬರೆದಂತೆಯೇ ಉಳಿದಿವೆ.

ಯಾವುದನ್ನು ತೆಗೆದರು ಎಂಬುದನ್ನು ನೋಡಿ. ಅದರಲ್ಲಿ ವಂಚಕನ ಓದು ಕಾಣುತ್ತದೆ. ಮರಕ್ಕೆ ಪಾಸ್‌ಪೋರ್ಟ್ ಇಲ್ಲ. ಓಕ್ ಮರ ಹಾಲೆಂಡಿನಲ್ಲೂ ಓಕ್, ರಷ್ಯಾದಲ್ಲೂ ಓಕ್. ಮನುಷ್ಯ ಹಾಗಲ್ಲ. ಅವನ ಟೋಪಿ, ಮೇಲಂಗಿ, ಹೆಂಗಸಿನ ತಲೆವಸ್ತ್ರ ನೋಡಿದರೆ ಯಾವ ಸೀಮೆಯವರೆಂದು ತಿಳಿದುಬಿಡುತ್ತದೆ. ಹಾಗಾಗಿ ಮೊದಲು ಮನುಷ್ಯರನ್ನು ಎತ್ತಂಗಡಿ ಮಾಡಬೇಕು. ಎರಡನೆಯ ಲಾಭವೂ ಉಂಟು. ಡಚ್ ಚಿತ್ರಕಾರರು ದೃಶ್ಯಕ್ಕೆ ಅಳತೆ ಸಿಗಲೆಂದು, ಬೆಚ್ಚಗಿರಲೆಂದು ಮುಂದುಗಡೆ ಪುಟ್ಟ ಆಕೃತಿಗಳನ್ನು ಕೂರಿಸುವವರು. ಶಿಶ್ಕಿನ್ ಎಂದಾಕ್ಷಣ ಜನರ ಮನಸ್ಸಿಗೆ ಬರುವುದು ನಿರ್ಜನ ಕಾಡು. ಜನರನ್ನು ತೆಗೆದರೆ ಚಿತ್ರ ತಾನಾಗಿ ಒಂದು ಹೆಜ್ಜೆ ಪೂರ್ವಕ್ಕೆ ಸರಿಯುತ್ತದೆ. ಹೊಸದನ್ನು ಬರೆದದ್ದಕ್ಕಿಂತ ಇದ್ದದ್ದನ್ನು ಮರೆಸಿದ್ದರಿಂದ ಆದ ನಕಲಿ ಇದು.

ರಷ್ಯನ್ ಭಾಷೆಯಲ್ಲಿ ಇಂಥ ಚಿತ್ರಗಳಿಗೆ ‘ಪೆರೆಲಿತ್ಸೊವ್ಕಾ’ ಎನ್ನುತ್ತಾರೆ. ದರ್ಜಿಗಳ ಮಾತು ಅದು. ಮೇಲ್ಮೈ ಸವೆದ ಕೋಟನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಹೊಲಿದು ಹೊಸದೆಂಬಂತೆ ತೊಡುವುದಕ್ಕೆ ಇದ್ದ ಹೆಸರು. ಬಟ್ಟೆ ಅದೇ, ಮುಖ ಬೇರೆ.

ಶಿಶ್ಕಿನ್ ವಿಷಯದಲ್ಲಿ ಸಹಿ ಅಳಿಸಿದ ಇನ್ನೊಂದು ಕಥೆಯೂ ಇದೆ, ಅದು ಪ್ರಾಮಾಣಿಕ ಕಥೆ. ಮೇಲೆ ಹೇಳಿದ ಕರಡಿಗಳ ಚಿತ್ರದಲ್ಲಿ ಕರಡಿಗಳನ್ನು ಬರೆದವನು ಶಿಶ್ಕಿನ್ ಅಲ್ಲ, ಗೆಳೆಯ ಕೊನ್‌ಸ್ತಾಂತಿನ್ ಸವಿತ್‌ಸ್ಕಿ. ಚಿತ್ರ 4000 ರೂಬಲ್‌ಗೆ ಹೋಯಿತು, ಸವಿತ್‌ಸ್ಕಿಗೆ ನಾಲ್ಕನೆಯ ಒಂದು ಪಾಲು. ಆತನೂ ಚಿತ್ರದ ಮೇಲೆ ಸಹಿ ಹಾಕಿದ್ದ. ಕೊಂಡ ವರ್ತಕ ಪಾವೆಲ್ ತ್ರೆತ್ಯಕೋವ್ ಆ ಎರಡನೆಯ ಸಹಿಯನ್ನು ಅಳಿಸಿಹಾಕಿದ. ಕೊಂಡವನಿಗೆ ಒಂದೇ ಹೆಸರು ಬೇಕಿತ್ತು. ಹೆಸರಿನ ಹಸಿವು ಮಾರುಕಟ್ಟೆಗೆ ಆಗಲೂ ಇತ್ತು ಎನ್ನುವುದಕ್ಕಷ್ಟೇ ಇದನ್ನು ಹೇಳಿದೆ.

ಪ್ರಯೋಗಾಲಯ ಹಿಡಿಯಬಹುದಾಗಿದ್ದುದು, ಹಿಡಿಯಲಾಗದ್ದು

ಕಲಿಯಲು ಬಂದವರು ಇಲ್ಲಿ ತಪ್ಪದೆ ಕೇಳುತ್ತಾರೆ: ವಿಜ್ಞಾನ ಇಷ್ಟು ಮುಂದುವರಿದಿದೆಯಲ್ಲ, ಯಂತ್ರಕ್ಕೆ ಕೊಟ್ಟರೆ ಗೊತ್ತಾಗುತ್ತಿರಲಿಲ್ಲವೇ?

ನಕಲಿಯನ್ನು ಯಂತ್ರ ಸಾಮಾನ್ಯವಾಗಿ ಹಿಡಿಯುವುದು ಕಾಲದ ಎಡವಟ್ಟಿನಿಂದ. 1860ರ ಚಿತ್ರವೆಂದು ಹೇಳಿ ಅದರಲ್ಲಿ ಟೈಟಾನಿಯಂ ಬಿಳಿ ಸಿಕ್ಕಿದರೆ ಮಾತು ಮುಗಿಯಿತು, ಏಕೆಂದರೆ ಆ ಬಣ್ಣ ಅಂಗಡಿಗೆ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಇಲ್ಲಿ ಕ್ಯಾನ್ವಾಸಿನ ಬಹುಪಾಲು ನಿಜವಾಗಿಯೂ ಆ ಕಾಲದ್ದು. ಎಲ್ಲಿ ಚೂರು ಕೆರೆದು ಪರೀಕ್ಷಿಸಿದರೂ ಹತ್ತೊಂಬತ್ತನೆಯ ಶತಮಾನವೇ ಸಿಗುತ್ತದೆ. ಕಾಲ ಸರಿ, ಊರು ತಪ್ಪು. ಊರನ್ನು ಹೇಳುವ ಯಂತ್ರವಿಲ್ಲ. ಡಚ್ಚರೂ ರಷ್ಯನ್ನರೂ ಆಗ ಬಳಸುತ್ತಿದ್ದದ್ದು ಬಹುಪಾಲು ಅವೇ ಬಣ್ಣಗಳನ್ನು, ಅದೇ ಸೀಸದ ಬಿಳಿಯನ್ನು.

ಉಳಿದದ್ದು ನೇರಳಾತೀತ ದೀಪ. ಕೋಣೆ ಕತ್ತಲು ಮಾಡಿ ಆ ದೀಪ ಹಿಡಿದರೆ ಹಳೆಯ ರಾಳದ ವಾರ್ನಿಷ್ ಕೊಳದ ಪಾಚಿಯಂತೆ ಮಸುಕು ಹಸಿರಾಗಿ ಹೊಳೆಯುತ್ತದೆ. ಅದರ ಮೇಲೆ ಈಚೆಗೆ ಹಚ್ಚಿದ ಬಣ್ಣ ಕಪ್ಪು ಕಲೆಯಾಗಿ ಎದ್ದು ಕಾಣುತ್ತದೆ. ಇದನ್ನು ಮೊದಲ ಸಲ ನೋಡಿದವರಿಗೆ ಮಾಯಾದರ್ಪಣ ಸಿಕ್ಕಿದಂತಾಗುತ್ತದೆ, ಮತ್ತು ಅವರು ಎಡವುವುದೂ ಅಲ್ಲಿಯೇ. ಕಪ್ಪು ಕಲೆ ಇಲ್ಲದ ಹಳೆಯ ಚಿತ್ರವನ್ನು ನಾನು ಕಂಡದ್ದೇ ಅಪರೂಪ. ನೂರೈವತ್ತು ವರ್ಷದಲ್ಲಿ ಏಣಿ ತಗುಲಿರುತ್ತದೆ, ಗೋಡೆಯ ತೇವ ಹತ್ತಿರುತ್ತದೆ, ಯಾರೋ ದುರಸ್ತಿ ಮಾಡಿರುತ್ತಾರೆ. ಕಲೆ ಇದ್ದ ಮಾತ್ರಕ್ಕೆ ವಂಚನೆಯಲ್ಲ. ಹಾಗಾಗಿ ಪರೀಕ್ಷಿಸಿದವರು ‘ಅಲ್ಲಲ್ಲಿ ಹಳೆಯ ದುರಸ್ತಿ’ ಎಂದು ಬರೆದು ಮುಂದೆ ಸಾಗುವುದು ವಾಡಿಕೆ.

ಕೇಳಬೇಕಾದದ್ದು ಕಲೆ ಎಷ್ಟಿದೆ ಎಂದಲ್ಲ, ಎಲ್ಲಿದೆ, ಯಾವ ಆಕಾರದಲ್ಲಿದೆ ಎಂದು. ಪೆಟ್ಟು ಬಿದ್ದ ಜಾಗಕ್ಕೆ ಆಕಾರ ಇರುವುದಿಲ್ಲ. ತೇವ ಕೆಳ ಅಂಚಿನಿಂದ ಏರುತ್ತದೆ, ಹರಿದದ್ದು ಗೆರೆಯಾಗಿರುತ್ತದೆ. ಮುಂದುಗಡೆಯ ದಾರಿಯ ಮೇಲೆ, ಡಚ್ಚರು ಆಕೃತಿಗಳನ್ನು ಕೂರಿಸುವ ಸರಿಯಾದ ಜಾಗದಲ್ಲಿಯೇ, ನಿಂತ ಮನುಷ್ಯನ ಎತ್ತರದ ಕಲೆ ಕಂಡರೆ ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕು. ಸಹಿ ಇರುವ ಮೂಲೆಯಲ್ಲೂ ಇನ್ನೊಂದು ಕಂಡರೆ ದೀಪ ಆರಿಸಿ ಮಾರಾಟಗಾರರಿಗೆ ದೂರವಾಣಿ ಕರೆ ಮಾಡಬೇಕು.

ಸಹಿಗೆ ಬೇರೆಯದೇ ಪರೀಕ್ಷೆ ಉಂಟು, ಅದಕ್ಕೆ ಸೂಕ್ಷ್ಮದರ್ಶಕ ಸಾಕು. ರಷ್ಯನ್ ಲಿಪಿಯಲ್ಲಿ ಶಿಶ್ಕಿನ್ ಎಂಬ ಹೆಸರಿನಲ್ಲಿ ತ್ರಿಶೂಲದ ಹಾಗೆ ಮೂರು ನಿಂತ ಗೆರೆಗಳ ಅಕ್ಷರ ಎರಡು ಸಲ ಬರುತ್ತದೆ. ಆರು ಗೆರೆಗಳು, ಅವುಗಳಲ್ಲಿ ಒಂದಾದರೂ ಯಾವುದೋ ಬಿರುಕನ್ನು ದಾಟಲೇಬೇಕು. ಸಹಿ ಚಿತ್ರದ ಜೊತೆಗೇ ಹುಟ್ಟಿದ್ದರೆ ಬಿರುಕು ಬಿಟ್ಟಾಗ ಅಕ್ಷರವೂ ಒಡೆದಿರುತ್ತದೆ, ಒಣಗಿದ ಕೆರೆಯಂಗಳದ ಮೇಲೆ ಎಳೆದ ಗೆರೆ ತುಂಡಾದಂತೆ. ಆಮೇಲೆ ಬರೆದಿದ್ದರೆ ಬಣ್ಣ ಬಿರುಕಿನೊಳಗೆ ಇಳಿದಿರುತ್ತದೆ, ಒರಟು ಕಾಗದದಲ್ಲಿ ಶಾಯಿ ಇಂಗಿದಂತೆ. ಪಳಗಿದ ವಂಚಕ ಇದನ್ನೂ ಬಲ್ಲ, ಬಿರುಕಿಲ್ಲದ ಜಾಗ ಹುಡುಕಿ ಬರೆಯುತ್ತಾನೆ, ಮೇಲೆ ನೇರಳಾತೀತ ಕಿರಣವನ್ನು ಹೀರುವ ವಾರ್ನಿಷ್ ಬಳಿಯುತ್ತಾನೆ. ಆಗ ದೀಪಕ್ಕೂ ಮಂಕು ಕವಿಯುತ್ತದೆ. ಸಣ್ಣ ಜಾಗದಲ್ಲಿ ಮಾಡಿದ ಕಳ್ಳತನವನ್ನು ಇಡೀ ಚಿತ್ರದ ಪ್ರಾಮಾಣಿಕತೆ ಕಾಯುತ್ತದೆ.

ಕಳವಾದ ಕಲಾಕೃತಿಗಳ ಪಟ್ಟಿಯಲ್ಲಿ ಹುಡುಕಿದ್ದರೂ ಏನೂ ಸಿಗುತ್ತಿರಲಿಲ್ಲ. ಇದು ಕದ್ದ ಮಾಲಲ್ಲ. ನಗದು ಎಣಿಸಿ, ರಶೀದಿ ಪಡೆದು ಕೊಂಡ ಮಾಲು.

ಪ್ರಮಾಣಪತ್ರ ಎಂಬ ಗೋಡೆ

ಸಂಗ್ರಹಾಲಯದ ತಜ್ಞರು ಏಕೆ ಎಡವಿದರು? ಬೈಯುವುದು ಸುಲಭ, ನನಗೂ ಮೊದಲು ಸಿಟ್ಟು ಬಂದಿತ್ತು. ಆದರೆ ಅವರ ಮೇಜಿನ ಮೇಲೆ ಬಂದ ಪ್ರಶ್ನೆಯ ರೂಪವನ್ನು ನೋಡಬೇಕು. ‘ಇದು ಯಾರ ಚಿತ್ರ?’ ಎಂದು ಅವರನ್ನು ಕೇಳಿರುವುದಿಲ್ಲ. ‘ಇದು ಶಿಶ್ಕಿನ್ ಹೌದೇ, ಅಲ್ಲವೇ?’ ಎಂದೇ ಇಂಥಲ್ಲಿ ಕೇಳುವುದು. ಎರಡೂ ಒಂದೇ ಎನಿಸಿದರೂ ಬೇರೆ. ಮೊದಲನೆಯದನ್ನು ಕೇಳಿದ್ದರೆ ಕಣ್ಣು ಯುರೋಪಿನ ನೂರು ಚಿತ್ರಕಾರರ ನಡುವೆ ಅಲೆಯುತ್ತಿತ್ತು. ಎರಡನೆಯದನ್ನು ಕೇಳಿದಾಗ ಕಣ್ಣು ಶಿಶ್ಕಿನ್ ಬಳಿಯಲ್ಲೇ ಉಳಿದು ಹೋಲಿಕೆ ಹುಡುಕುತ್ತದೆ, ಹುಡುಕಿದರೆ ಹೋಲಿಕೆ ಸಿಗುತ್ತದೆ. ರಷ್ಯನ್ ಕಲೆಯ ತಜ್ಞನಿಗೆ ಶಿಶ್ಕಿನ್ ಅಂಗೈ ಗೆರೆಯಷ್ಟು ಪರಿಚಿತ. ಕೂಕ್‌ಕೂಕ್ ಮನೆತನದ ಎರಡನೆಯ ಸಾಲಿನ ಚಿತ್ರಕಾರ ಪರಿಚಿತನಲ್ಲ. ಎರಡು ದೇಶಗಳ ಕಲಾ ಇತಿಹಾಸದ ನಡುವಿನ ಬೇಲಿಯಲ್ಲಿ ತೂತು ಎಲ್ಲಿದೆಯೆಂದು ವಂಚಕರಿಗೆ ಗೊತ್ತಿತ್ತು.

ಎರಡನೆಯ ತಿರುವು ಲಂಡನ್ನಿನಲ್ಲಿ. ಪ್ರಮಾಣಪತ್ರ ಬಂದ ಮೇಲೆ ಚಿತ್ರದ ಕಡೆ ನೋಡುವುದು ನಿಲ್ಲುತ್ತದೆ. ಪತ್ರ ಚಿತ್ರಕ್ಕೆ ಸಾಕ್ಷಿಯಾಗಿ ಬಂದದ್ದು, ಚಿತ್ರದ ಜಾಗದಲ್ಲಿ ತಾನೇ ಕೂತುಬಿಡುತ್ತದೆ.

ಇಲ್ಲಿ ನಾನು ವಿದ್ಯಾರ್ಥಿಗಳಿಗೆ ಕೊಡುವ ಉದಾಹರಣೆ ಬೆಂಗಳೂರಿನ ನಿವೇಶನದ್ದು. ಮೂವತ್ತು ನಲವತ್ತು ಅಡಿಯ ಸೈಟು ಕೊಳ್ಳುವವನು ಮಣ್ಣು ಎಷ್ಟು ಹಳೆಯದು ಎಂದು ಕೇಳುವುದಿಲ್ಲ. ಮೂಲಪತ್ರ ತನ್ನಿ, ಯಾರಿಂದ ಯಾರಿಗೆ ಬಂತು ತೋರಿಸಿ, ಋಣಭಾರ ಪ್ರಮಾಣಪತ್ರ ತೆಗೆಸಿ ಎನ್ನುತ್ತಾನೆ. ನಡುವೆ ಒಂದು ವರ್ಷ ಲೆಕ್ಕಕ್ಕೆ ಸಿಗದಿದ್ದರೆ ವಕೀಲರು ಮುಂಗಡ ಕೊಡಬೇಡಿ ಎನ್ನುತ್ತಾರೆ. ಹತ್ತು ಲಕ್ಷದ ಸೈಟಿಗೆ ನಾವು ಮಾಡುವ ಈ ವಿಚಾರಣೆಯನ್ನು ಲಕ್ಷಾಂತರ ಪೌಂಡಿನ ಚಿತ್ರಕ್ಕೆ ಮಾಡಿರಲಿಲ್ಲ. ಕಲಾಲೋಕದಲ್ಲಿ ಆಗ ಮಾಲೀಕನ ಹೆಸರು ಕೇಳುವುದು ಒಂದು ಬಗೆಯ ಅಸಭ್ಯತೆ. ‘ಖಾಸಗಿ ಸಂಗ್ರಹದಿಂದ’ ಎಂಬ ಎರಡೇ ಪದದಲ್ಲಿ ನೂರು ವರ್ಷದ ಇತಿಹಾಸವನ್ನು ಮಡಚಿಡುವ ಪದ್ಧತಿ ಇತ್ತು. ವಂಚಕ ಬದುಕಿದ್ದು ಆ ಸಭ್ಯತೆಯ ನೆರಳಲ್ಲಿ.

ಮುಂದೇನಾಯಿತು

ಹರಾಜು ಮನೆಯ ಕೊನೆಯ ಗಂಟೆಯ ನಿರ್ಧಾರವನ್ನು ಜನ ಅವಮಾನವೆಂದು ಕರೆದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಸರಿಯಾಗಿ ತೆಗೆದುಕೊಂಡ ನಿರ್ಧಾರ ಅದೊಂದೇ. ಅನುಮಾನವಿದ್ದೂ ಸವಾಲು ಕೂಗಿಸಿ, ಹಣ ಪಡೆದು, ದೂರು ಬಂದರೆ ಆಮೇಲೆ ನೋಡಿಕೊಳ್ಳೋಣ ಎನ್ನುವ ದಾರಿಯೂ ಇತ್ತು. ನಕಲಿಯೆಂದು ತೋರಿಸಿದರೆ ಇಷ್ಟು ವರ್ಷದೊಳಗೆ ಹಣ ವಾಪಸ್ಸು ಎಂಬ ಕರಾರು ದೊಡ್ಡ ಮನೆಗಳಲ್ಲಿ ಇದ್ದೇ ಇರುತ್ತದೆ. ಆ ಕರಾರಿನ ಆಸರೆಯಲ್ಲಿ ಹರಾಜು ನಡೆಸಿದ್ದರೆ ಚಿತ್ರ ಯಾವುದೋ ಮನೆಯ ಬೈಠಕ್ಕಿನಲ್ಲಿ ಶಿಶ್ಕಿನ್ ಆಗಿಯೇ ತೂಗುತ್ತಿತ್ತು, ನಾವು ಈ ಪ್ರಕರಣವನ್ನು ಓದುತ್ತಲೂ ಇರಲಿಲ್ಲ.

ಚಿತ್ರ ಒಂಟಿಯಲ್ಲ ಎಂಬುದು ಬೇಗನೆ ಗೊತ್ತಾಯಿತು. ಮಾಸ್ಕೋದ ತಜ್ಞರೊಬ್ಬರು ಇಂಥ ಮಗುಚಿದ ಚಿತ್ರಗಳ ಬಗ್ಗೆ ಬಹಿರಂಗವಾಗಿ ಬರೆಯತೊಡಗಿದರು. ಸಂಗ್ರಹಾಲಯ ತಾನು ಹಿಂದೆ ಕೊಟ್ಟ ಪತ್ರಗಳನ್ನು ಮರುಪರಿಶೀಲಿಸಿ, ತೊಂಬತ್ತಕ್ಕೂ ಹೆಚ್ಚು ಪತ್ರಗಳು ತಪ್ಪೆಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದಕ್ಕೆ ನಾನು ಅವರಿಗೆ ಗೌರವ ಕೊಡುತ್ತೇನೆ; ಸಂಸ್ಥೆಗಳು ಇಂಥದ್ದನ್ನು ಸಾಮಾನ್ಯವಾಗಿ ಕಡತದೊಳಗೆ ಹೂತುಬಿಡುತ್ತವೆ. ಬಳಿಕ ರಷ್ಯಾದ ಸರ್ಕಾರಿ ಸಂಗ್ರಹಾಲಯಗಳು ಮಾರುಕಟ್ಟೆಗಾಗಿ ಹಣ ಪಡೆದು ಪ್ರಮಾಣಪತ್ರ ಕೊಡುವುದೇ ನಿಂತಿತು. 2007ರಿಂದ ಅಲ್ಲಿನ ಸಾಂಸ್ಕೃತಿಕ ಪರಂಪರೆಯ ಸರ್ಕಾರಿ ಇಲಾಖೆ ಇಂಥ ನಕಲಿಗಳ ಕ್ಯಾಟಲಾಗನ್ನು ಸಂಪುಟಗಳಾಗಿ ಹೊರತಂದಿತು: ಒಂದು ಕಡೆ ಯುರೋಪಿನ ಹರಾಜಿನಲ್ಲಿದ್ದ ಚಿತ್ರ, ಇನ್ನೊಂದು ಕಡೆ ಅದೇ ಚಿತ್ರ ರಷ್ಯನ್ ವೇಷದಲ್ಲಿ. ಡೆನ್ಮಾರ್ಕಿನ ಯಾನುಸ್ ಲಾ ಕೂರ್ ಎಂಬಾತನ ಚಿತ್ರಗಳು ಅಲೆಕ್ಸಾಂಡರ್ ಕಿಸೆಲ್ಯೋವ್ ಹೆಸರಿನಲ್ಲಿ ಮಾರಾಟವಾದದ್ದೂ ಹೊರಬಂತು. ಆ ಮಾರಾಟಕ್ಕೆ ಸಂಬಂಧಿಸಿ ಮಾಸ್ಕೋದ ಇಬ್ಬರು ಹಳೆಯ ವಸ್ತುಗಳ ವ್ಯಾಪಾರಿಗಳಿಗೆ 2008ರಲ್ಲಿ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು.

ಪ್ರಮಾಣಪತ್ರ ನಿಲ್ಲಿಸಿದ್ದು ಸರಿಯೇ ಎಂಬ ಬಗ್ಗೆ ನನಗೆ ತಕರಾರಿದೆ. ಕೆಟ್ಟ ಪತ್ರಗಳ ಜೊತೆ ಒಳ್ಳೆಯ ತಜ್ಞರೂ ಮಾರುಕಟ್ಟೆಯಿಂದ ದೂರವಾದರು, ಖಾಸಗಿ ಪರೀಕ್ಷಕರು ಆ ಜಾಗಕ್ಕೆ ಬಂದರು. ನೆಗಡಿಯೆಂದು ಮೂಗು ಕೊಯ್ದುಕೊಂಡ ಹಾಗೆ. ಪತ್ರದಲ್ಲಿ ಒಂದೇ ಒಂದು ಸಾಲನ್ನು ಕಡ್ಡಾಯ ಮಾಡಿದ್ದರೆ ಸಾಕಿತ್ತು ಎನಿಸುತ್ತದೆ: ಈ ಚಿತ್ರ ಕಳೆದ ಹತ್ತು ವರ್ಷ ಎಲ್ಲಿತ್ತು, ಅದಕ್ಕೆ ಆಧಾರವೇನು?

ನಮ್ಮ ಮೇಜಿಗೆ ಬಂದರೆ

ಇದೆಲ್ಲ ದೂರದ ದೇಶದ ಮಾತು, ನಮ್ಮ ಬಳಿ ರಷ್ಯನ್ ನಿಸರ್ಗಚಿತ್ರ ಏಕೆ ಬರುತ್ತದೆ ಎಂದುಕೊಳ್ಳುವಂತಿಲ್ಲ. ಪೀಟರ್ಸ್‌ಬರ್ಗಿನ ಅಕಾಡೆಮಿಯಲ್ಲಿ ನಿಸರ್ಗಚಿತ್ರಕಾರ ಕುಯಿಂಜಿಯ ಶಿಷ್ಯನಾಗಿದ್ದ ರಷ್ಯನ್ ಕಲಾವಿದ ನಿಕೋಲಸ್ ರೋರಿಕ್ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರಲ್ಲಿ ಅಲ್ಲಿಯೇ ತೀರಿಕೊಂಡವರು. ಮಗ ಸ್ವೆತೊಸ್ಲಾವ್ ಮತ್ತು ಸೊಸೆ ದೇವಿಕಾರಾಣಿ ಬೆಂಗಳೂರಿನ ಹೊರವಲಯದ ತಾತಗುಣಿಯ ತೋಟದಲ್ಲಿ ಬಾಳಿದರು. ಅವರ ಚಿತ್ರಗಳನ್ನು ಚಿತ್ರಕಲಾ ಪರಿಷತ್ತಿನಲ್ಲಿ ಇಂದಿಗೂ ನೋಡಬಹುದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನಿಕೋಲಸ್ ರೋರಿಕ್ ಕೃತಿಗಳನ್ನು ದೇಶದ ಹೊರಗೆ ಮಾರುವಂತಿಲ್ಲ. ರವಿವರ್ಮ, ಠಾಕೂರರ ಸಾಲಿನಲ್ಲಿಯೇ ಅವರೂ ಇದ್ದಾರೆ. ಆದ್ದರಿಂದ ರಷ್ಯನ್ ಸಹಿಯ ಬೆಟ್ಟವೊಂದು ಬೆಂಗಳೂರಿನ ಯಾರದೋ ಅಟ್ಟದಿಂದ ಇಳಿದು ಬರುವುದು ಅಸಂಭವವಲ್ಲ. ಅಟ್ಟದಿಂದ ಇಳಿಯಿತು ಎಂಬ ಕಥೆಯನ್ನು ಕೇಳಲು ನಾವು ತಯಾರಾಗಿಯೂ ಇರುತ್ತೇವೆ.

ಈ ಪ್ರಕರಣ ಓದಿದ ಮೇಲೆ ನನ್ನ ಕೆಲಸದ ಕ್ರಮ ತಲೆಕೆಳಗಾಗಿದೆ. ಮೊದಲು ಚಿತ್ರ ನೋಡಿ ಆಮೇಲೆ ಕಾಗದ ನೋಡುತ್ತಿದ್ದವನು, ಈಗ ಮೊದಲು ಚಿತ್ರದ ಬೆನ್ನು ನೋಡುತ್ತೇನೆ. ಮರದ ಚೌಕಟ್ಟಿನ ಹಿಂದೆ ಅಂಟಿಸಿದ ಚೀಟಿ ಕಿತ್ತ ಗುರುತು, ಸೀಮೆಸುಣ್ಣದಲ್ಲಿ ಬರೆದ ಲಾಟ್ ಸಂಖ್ಯೆಯ ಅಳಿದ ಪುಡಿ, ಹಳೆಯ ಕ್ಯಾನ್ವಾಸಿನ ಹಿಂದೆ ಹೊಸ ಕ್ಯಾನ್ವಾಸ್ ಅಂಟಿಸಿ ಅಂಗಡಿಯ ಮುದ್ರೆಯನ್ನು ಮುಚ್ಚಿದ್ದಾರೆಯೇ ಎಂಬುದು. ಆಮೇಲೆ ಸಹಿಯನ್ನು ಕಾಗದದ ಚೂರಿನಿಂದ ಮುಚ್ಚಿ ಚಿತ್ರವನ್ನು ನೋಡುತ್ತೇನೆ; ಹೆಸರು ಕಾಣದಿದ್ದಾಗ ಇದು ಯಾರದ್ದಿರಬಹುದು ಎಂದು ಮೂರು ಹೆಸರು ಬರೆದುಕೊಳ್ಳುತ್ತೇನೆ. ದೀಪ, ಸೂಕ್ಷ್ಮದರ್ಶಕ ಎಲ್ಲ ಅದಾದ ಮೇಲೆ. ಕೊನೆಗೆ ಹಿಂದಿನ ಹರಾಜುಗಳ ಫೋಟೋಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವಲ್ಲ, ಅಲ್ಲಿ ಹುಡುಕುವಾಗ ಸಹಿಯಲ್ಲಿರುವ ಹೆಸರಿನಿಂದ ಹುಡುಕುವುದಿಲ್ಲ. ಆ ಹೆಸರಿನಲ್ಲಿ ಅದು ಸಿಗುವುದೇ ಇಲ್ಲ. ತೊರೆ, ಓಕ್, ದಾರಿ ಎಂದು ಹುಡುಕುತ್ತೇನೆ, ಮತ್ತು ಚಿತ್ರದಲ್ಲಿ ಇಲ್ಲದ ಒಂದನ್ನು ಸೇರಿಸುತ್ತೇನೆ: ಕುರಿ.